ಟಿವಿಯೊಳಗ ಹಾಡು ಕೇಳಸ್ತದ, ಮಾತು ತಿಳಿಯಂಗಿಲ್ಲ: ಯಾವ ಸೌಂಡ್ ಸಿಸ್ಟಮ್ ತೊಗೋಬೇಕ್ರಿ?

ಪ್ರಶ್ನೆ, ಧಾರವಾಡ ಮಾಳಮಡ್ಡಿಯಿಂದ:
ಎಲ್ಲಾರಿಗೂ ನಮಸ್ಕಾರ. ಈ ಗುಂಪಿನ್ಯಾಗ ಆಡಿಯೋ ಕೆಲಸ ಮಾಡೋರು ಅದಾರ ಅಂತ ಗೊತ್ತಾತು, ಅದಕ್ಕ ಕೇಳ್ಲಿಕತ್ತೇನಿ. ನಮ್ಮದು ಹಳೇ ಹಂಚಿನ ಮನಿ, ಪಡಸಾಲಿ 12 ಅಡಿ ಅಗಲ 18 ಅಡಿ ಉದ್ದ, ಕೆಳಗ ಫರಸಿ, ಮ್ಯಾಲೆ ಜಂತಿ, ಹಂಚು. ದೀಪಾವಳಿಗೆ 55 ಇಂಚಿನ ಟಿವಿ ತಂದ್ವಿ, ಚಿತ್ರ ಏಕದಂ ಛಲೋ ಅದ, ಮಾತು ಮಾತ್ರ ತಿಳಿಯಂಗಿಲ್ಲ. ಅಪ್ಪಗ ಈಗ 74, ಅವರು ವಾಲ್ಯೂಮ್ 40ಕ್ಕ ಇಡ್ತಾರ, ಆವಾಗ ಜಾಹೀರಾತು ಬಂತಂದ್ರ ಮನಿ ಹಾರ್‍ತದ, ಅವ್ವ ಅಡಗಿ ಮನಿಯಿಂದ ಒದರ್ತಾಳ. ಹುಬ್ಬಳ್ಳ್ಯಾಗ ಅಂಗಡಿಯವ 5.1.2 ಅಟ್ಮಾಸ್ ಸೌಂಡ್‌ಬಾರ್ (ಟಿವಿ ಕೆಳಗ ಇಡೂ ಉದ್ದನ ಸ್ಪೀಕರ್) ತೊಗೋರಿ ಅಂತಾನ, ನಮ್ಮ ಭಾವ ಬಾರ್ ಗೀರ್ ಏನೂ ಬ್ಯಾಡ 5.1 ಹೋಮ್ ಥಿಯೇಟರೇ ಬೇಕು ಅಂತಾರ, ಮಗಾ ಬೇಸ್ ಬೇಸ್ ಅಂತ ಕುಣೀಲಿಕತ್ತಾನ. ಬಜೆಟ್ 30 ಸಾವಿರ. ಏನ್ ಮಾಡ್ಲಿ?

ಉತ್ತರ, ಆಡಿಯೋ ಟೆಕ್ನಿಷಿಯನ್, ಹುಬ್ಬಳ್ಳಿ:
ನಮಸ್ಕಾರ್ರಿ. ಮೊದ್ಲ ಏನೂ ತೊಗೋಬ್ಯಾಡ್ರಿ. ಎರಡ ಕೆಲಸ ಮಾಡಿ ಬಂದು ಹೇಳ್ರಿ, ಇದಕ್ಕ ಒಂದ್ ರೂಪಾಯಿ ಖರ್ಚಿಲ್ಲ.

ಒಂದು, ಓಟಿಟಿ ಆಪ್‌ನ್ಯಾಗ ಸಿನಿಮಾ ನಡಿಯೂಮುಂದ ಆಡಿಯೋ ಟ್ರ್ಯಾಕ್ ಒತ್ತಿ ನೋಡ್ರಿ, 5.1 ಅಂತ ಇದ್ರ ಅದನ್ನ ಬಿಟ್ಟು ಸಾದಾ ಸ್ಟೀರಿಯೋ ಇದ್ದದ್ದು ಹಚ್ರಿ. ಚಾನೆಲ್ ಅಂದ್ರ ಇಲ್ಲೆ ಒಂದೊಂದು ಸ್ಪೀಕರ್‌ಗೆ ಹೋಗೂ ಬ್ಯಾರೆ ಬ್ಯಾರೆ ಸಪ್ಪಳ, ಸ್ಟೀರಿಯೋಕ್ಕ ಎರಡು, 5.1ಕ್ಕ ಆರು. 5.1ನ್ಯಾಗ ಮಾತೆಲ್ಲಾ ಹೆಚ್ಚಾಗಿ ನಡುವಿನ ಸೆಂಟರ್ ಚಾನೆಲ್‌ನ್ಯಾಗ ಇರತಾವ, ನಿಮ್ಮ ಟಿವಿಗೆ ಇರೂದು ಎರಡ ಸ್ಪೀಕರ್, ಅದು ಆರು ಚಾನೆಲ್ ಕುಟ್ಟಿ ಎರಡು ಮಾಡೂಮುಂದ ಮಾತು ಸಂಗೀತದ ಕೆಳಗ ಹೂತು ಹೋಗತೈತಿ. ಎರಡನೇದ್ದು, ಟಿವಿಯ ಸೌಂಡ್ ಸೆಟ್ಟಿಂಗ್‌ನ್ಯಾಗ ಕ್ಲಿಯರ್ ವಾಯ್ಸ್ ಅಥವಾ ಡೈಲಾಗ್ ಅಂತ ಏನರ ಇದ್ರ ಆನ್ ಮಾಡ್ರಿ, ನೈಟ್ ಮೋಡ್ ಇದ್ರ ಅದನ್ನೂ. ನೈಟ್ ಮೋಡ್ ಅಂದ್ರ ಸಣ್ಣ ಸಪ್ಪಳ ಮ್ಯಾಲೆ ಎತ್ತೂದು, ದೊಡ್ಡ ಸಪ್ಪಳ ಒತ್ತೂದು, ಅಷ್ಟ.

ಮತ್ತ ಇದನ್ನ ಹೇಳ್ರಿ: ಟಿವಿ ಎಲ್ಲೆ ಇಟ್ಟೀರಿ? ಅಪ್ಪಾರು ಎಲ್ಲೆ ಕೂಡತಾರ?

ಪ್ರಶ್ನೆ ಕೇಳಿದವರು:
ಮಾಡಿ ನೋಡ್ದೆ. ಸ್ಟೀರಿಯೋ ಹಚ್ಚಿದ ಮ್ಯಾಲೆ ಖರೇನ ಫರಕ್ ಬಿತ್ತು, ವಾಲ್ಯೂಮ್ 40ರಿಂದ 32ಕ್ಕ ಬಂತು, ಆದ್ರೂ ಸಿರಿಯಲ್‌ದಾಗ ಹೆಣಮಕ್ಕಳು ಪಿಸುಗುಟ್ಟಿದ್ದು ತಿಳಿಯಂಗಿಲ್ಲ ಅಂತಾರ. ಟಿವಿ ಹಳೇ ಗ್ವಾಡಿ ಕಪಾಟಿನ ಒಳಗ ಕೂತದ, ಬಾಗಲಾ ತಗದೇವಿ, ಖಾನೆ ಹಂಗ ಅದ. ಅಪ್ಪ ಕೂಡೂದು ತೂಗುಮಂಚದ ಮ್ಯಾಲೆ, ಅದು ಟಿವಿ ಎದುರಿಗೆ ಅಲ್ಲ, ಎಡಕ್ಕ, ಬಾಗಲದ ಕಡೆ.

ಉತ್ತರ:
ನೋಡ್ರಿ ಈಗ ಎಲ್ಲಾ ಬಿಚ್ಚಿಕೋತು. ತೆಳು ಟಿವಿಗೆ ಸ್ಪೀಕರ್ ಮುಂದಕ್ಕ ಇಡಾಕ ಜಾಗಾನ ಇರೂದಿಲ್ಲ, ಹೆಚ್ಚಿನವ್ಕ ಕೆಳಗ ಅಥವಾ ಹಿಂದಕ್ಕ ಮಾರಿ ಮಾಡಿರತಾವ. ನಿಮ್ಮ ಟಿವಿ ಸಪ್ಪಳ ಕಪಾಟಿನ ಖಾನೆಗೆ ಬಡದು, ಫರಸಿಗೆ ಬಡದು, ಎದುರ ಗ್ವಾಡಿಗೆ ಬಡದು ಆಮ್ಯಾಲ ಅಪ್ಪಾರ ಕಿವಿಗೆ ಬರಾಕತ್ತೈತಿ.

ವಯಸ್ಸಿನ ಮಾತು ಸ್ವಲ್ಪ ಹೇಳ್ತೀನಿ, ಯಾಕಂದ್ರ ಇದು ತಿಳದ್ರ ಅರ್ಧಾ ಕೆಲಸ ಮುಗೀತು. ವಯಸ್ಸಾದಂಗ ಮೊದ್ಲ ಹೋಗೂದು ತಾರಕದ ಸಪ್ಪಳ. ಮಾತಿನ್ಯಾಗ ಆ, ಓ, ಊ ಅನ್ನೂ ಸ್ವರಕ್ಕ ಜೋರ ಇರತೈತಿ, ಅವು ಕೆಳಗಿನ ಫ್ರೀಕ್ವೆನ್ಸಿ, ಹೆಚ್ಚಾಗಿ 1000 ಹರ್ಟ್ಜ್‌ಗಿಂತ ಕೆಳಗ. ಸ, ಶ, ತ, ಚ ಇವು ಭಾಳ ಸಣ್ಣ ಸಪ್ಪಳ, 2000ದಿಂದ 8000 ಹರ್ಟ್ಜ್‌ನ್ಯಾಗ ಇರತಾವ. ಟಿವಿಯೊಳಗ "ಸಾಲು" ಅಂದ್ರ ಅಪ್ಪಾರಿಗೆ ಬರೇ "ಆಲು" ಕೇಳಸತೈತಿ, ಹಾಲೋ ಕಾಲೋ ಶಾಲೋ ಅಂತ ತಲಿ ಕೆಡಿಸಿಕೋತಾರ, ಅಷ್ಟರಾಗ ಮುಂದಿನ ಮಾತು ಬಂದಿರತೈತಿ. ವಾಲ್ಯೂಮ್ ಏರಿಸಿದ್ರ ಆ "ಆಲು"ನ ಜೋರ ಆಗತೈತಿ, "ಸ" ಹಂಗ ಉಳೀತೈತಿ. ಅದಕ್ಕ ನಿಮಗ ಬೇಕಾದ್ದು ಜೋರ ಸಪ್ಪಳ ಅಲ್ಲ, ನಡುವ ಕೂತು ಮಾತನ್ನ ಸೀದಾ ಮಾರಿಗೆ ಹೇಳೂ ಸ್ಪೀಕರ್. ಮಗಾಗ ಬೇಸ್ ಜಾಸ್ತಿ ಮಾಡಿ ಕೊಟ್ರ ಅದು ಇದ್ದ "ಸ"ನೂ ಮುಚ್ಚಿ ಹಾಕತೈತಿ. ಕಿವಿ ಡಾಕ್ಟರ್ ಕಡೆ ಒಮ್ಮೆ ಆಡಿಯೋಗ್ರಾಮ್, ಅಂದ್ರ ಕಿವಿ ಎಷ್ಟು ಕೇಳಸತೈತಿ ಅನ್ನೂ ಪರೀಕ್ಷಾ, ಮಾಡಿಸ್ರಿ, ಅದು ನನ್ನ ಕೆಲಸ ಅಲ್ಲ, ಆದ್ರ ಮಾಡಿಸ್ರಿ.

ಈಗ ಅಟ್ಮಾಸ್ ವಿಚಾರ, ಅಂದ್ರ ತಲಿ ಮ್ಯಾಲಿಂದನೂ ಸಪ್ಪಳ ಬರೂ ಪದ್ಧತಿ. 5.1.2 ಅಂದ್ರ 5 ಕಿವಿ ಮಟ್ಟದ ಚಾನೆಲ್, 1 ಸಬ್‌ವೂಫರ್ (ಬೇಸ್ ಡಬ್ಬಿ, ಸಬ್ ಅಂತಾರ), 2 ಮ್ಯಾಲಿಂದ ಬರೂವು. ಬಾರ್‌ನ್ಯಾಗ ಆ ಎರಡು ಏನ್ ಮಾಡತಾವ ಅಂದ್ರ ಸಪ್ಪಳ ಮ್ಯಾಲಕ್ಕ ಹೊಡದು ಸ್ಲ್ಯಾಬಿಗೆ ಬಡಿಸಿ ತಿರುಗಿ ನಿಮ್ಮ ತಲಿ ಮ್ಯಾಲೆ ಬೀಳಸ್ತಾವ. ಅದಕ್ಕ ಸಪಾಟ ಗಟ್ಟಿ ಸ್ಲ್ಯಾಬ್ ಬೇಕು. ನಿಮ್ಮದು ಇಳಿಜಾರ ಹಂಚು, ನಡುವ ಜಂತಿ, ಸಂದಿಯೊಳಗ ಗಾಳಿ. ಅಲ್ಲಿ ಬಡದ ಸಪ್ಪಳ ಕೆಲವು ಅಟ್ಟಕ್ಕ ಹೋಗತೈತಿ ಕೆಲವು ಹಿತ್ತಲಕ್ಕ ಹೋಗತೈತಿ. ನಾನು ಸಪ್ತಾಪುರದಾಗ ಇಂಥಾದ್ದ ಹಂಚಿನ ಮನ್ಯಾಗ ಒಂದು ಹಚ್ಚಿ ಕೊಟ್ಟೆ, ಮಾಲಕರ ಹಟಾ, ಎಂಟ ದಿವಸಕ್ಕ ಅವರ ಫೋನ್ ಮಾಡಿ "ಮ್ಯಾಲಿಂದ ಏನೂ ಬರವಲ್ದಲ್ಲ" ಅಂದ್ರು. ಧಾರವಾಡದ ಹಂಚಿನ ಮನ್ಯಾಗ ಮ್ಯಾಲಿಂದ ಬರೂ ಸಪ್ಪಳ ಒಂದ, ಜೂನ್ ಜುಲೈ ಮಳಿ, ಅದು ಪುಕ್ಕಟೆ. ಆ ಎರಡು ಚಾನೆಲ್ಲಿನ ರೊಕ್ಕ ಉಳಸ್ರಿ.

ಭಾವನವರು ಹೇಳಿದ 5.1 ತಪ್ಪಲ್ಲ, ಆದ್ರ ಹಿಂದಿನ ಎರಡು ಸ್ಪೀಕರ್ ನೀವು ಕೂಡೂ ಜಾಗಾದ ಮಗ್ಗಲಕ್ಕ ಸ್ವಲ್ಪ ಹಿಂದ ಬರಬೇಕು, ನಿಮ್ಮನ್ಯಾಗ ಅಲ್ಲೆ ಎಡಕ್ಕ ಬಾಗಲಾನೂ ಐತಿ, ತೂಗುಮಂಚಾನೂ ಐತಿ. ಅಪ್ಪಾರು ತೂಗಿದಂಗೆಲ್ಲಾ ಒಮ್ಮೆ ಹತ್ರ ಒಮ್ಮೆ ದೂರ. ಮತ್ತ 30 ಸಾವಿರದಾಗ ಆರು ಡಬ್ಬಿ ಮಾಡಿದ್ರ ಒಂದೊಂದು ಡಬ್ಬಿಗೆ ಎಷ್ಟು ಬಂತು ನೀವ ಲೆಕ್ಕಾ ಹಾಕ್ರಿ.

ಇನ್ನ ಎರಡು ಒಳ್ಳೆ ಬುಕ್‌ಶೆಲ್ಫ್ ಸ್ಪೀಕರ್ ಹಚ್ಚೂದು ಐತಲ್ಲ, ಅದು ನನಗ ವೈಯಕ್ತಿಕ ಭಾಳ ಪ್ರೀತಿ, ಹಾಡಿಗೆ ಅದನ್ನ ಮೀರಿಸಿದ್ದಿಲ್ಲ. ಆದ್ರ ಎರಡ ಸ್ಪೀಕರ್‌ನ್ಯಾಗ "ನಡುವ" ಅನ್ನೂದು ಭ್ರಮಾ, ನಟ್ಟನಡುವ ಕೂತವಗ ಅಷ್ಟ ಕೇಳಸತೈತಿ. ಅಪ್ಪಾರು ಎಡಕ್ಕ ಕೂತ್ರ ಮಾತೆಲ್ಲಾ ಎಡ ಸ್ಪೀಕರ್‌ಗೆ ಜಗ್ಗತೈತಿ. ನಿಮ್ಮ ಮನಿಗೆ ನಡುವ ಖರೇ ಸ್ಪೀಕರ್ ಬೇಕು. ಹಂಗಾಗಿ 3.1 ಬಾರ್ ನೋಡ್ರಿ, ಎಡ, ನಡುವ, ಬಲ ಮತ್ತ ಒಂದು ಸಬ್. ಡಬ್ಬಿ ಮ್ಯಾಲೆ ಮೊದಲ ಅಂಕಿ 3 ಇರಬೇಕು, 2.1 ಇದ್ರ ಸೆಂಟರ್ ಇಲ್ಲ. ರಿಮೋಟ್‌ನ್ಯಾಗ ಡೈಲಾಗ್ ಅಥವಾ ಸೆಂಟರ್ ಬ್ಯಾರೆ ಏರಿಸಾಕ ಬರಬೇಕು, ಸಬ್ ಬ್ಯಾರೆ ಇಳಿಸಾಕ ಬರಬೇಕು, ಎಚ್‌ಡಿಎಂಐ ಎಆರ್‌ಸಿ (ಟಿವಿಯ ಸಪ್ಪಳ ಒಂದ ವಾಯರ್‌ನ್ಯಾಗ ಬಾರ್‌ಗೆ ಕಳಸೂ ತೂತು) ಇರಬೇಕು. ಬ್ರಾಂಡ್ ಹೆಸರು ಕೇಳಬ್ಯಾಡ್ರಿ, ಗುಂಪಿನ್ಯಾಗ ಜಗಳ ಹತ್ತತಾವ.

ಅಂಗಡಿಗೆ ಹೋಗೂಮುಂದ ಅಪ್ಪಾರನ್ನ ಕರಕೊಂಡ ಹೋಗ್ರಿ. ಅಂಗಡಿಯವ ಕಾರ್ ಹಾರೂದು, ಬಾಂಬ್ ಒಡ್ಯೂದು ಹಚ್ಚತಾನ, ಅದರಾಗ ಎಲ್ಲಾ ಸಿಸ್ಟಮ್ ಛಲೋನ ಅನಸ್ತಾವ. ನೀವು ಕನ್ನಡ ನ್ಯೂಸ್ ಹಚ್ಚಸ್ರಿ, ವಾಲ್ಯೂಮ್ ಸಣ್ಣ ಇಟ್ಟು ಅಪ್ಪಾರಿಗೆ ಏನ್ ತಿಳೀತು ಅಂತ ಕೇಳ್ರಿ. ಆಮ್ಯಾಲ ಮಲ್ಲಿಕಾರ್ಜುನ ಮನ್ಸೂರರದೋ ಗಂಗೂಬಾಯಿ ಹಾನಗಲ್ ಅವರದೋ ರೆಕಾರ್ಡಿಂಗ್ ಒಂದು ಹಚ್ಚಸ್ರಿ, ಹಿಂದ ತಂಬೂರಿ ಬಿಡದಂಗ ಕೇಳಬೇಕು, ತಬಲಾದ ಡಗ್ಗಾ "ಘೇ" ಅನ್ನಬೇಕು "ಢಬ್" ಅನಬಾರ್ದು. ಧಾರವಾಡದವರಿಗೆ ಇದಕ್ಕಿಂತ ಹೆಚ್ಚಿನ ಟೆಸ್ಟ್ ಏನ್ ಹೇಳ್ಲಿ.

ಹಚ್ಚೂಮುಂದ ಬಾರ್ ಖಾನೆಯ ಒಳಗ ತುರುಕಬ್ಯಾಡ್ರಿ, ತುದಿಗೆ ಮುಂದಕ್ಕ ಜಗ್ರಿ. ಟಿವಿಗೂ ಮಂಚಕ್ಕೂ ನಡುವಿನ ಫರಸಿ ಮ್ಯಾಲೆ ಏನರ ದಪ್ಪಂದು ಹಾಸ್ರಿ, ನವಲಗುಂದ ಜಮಖಾನಿ ಇದ್ರ ಭೇಷ್, ಇಲ್ಲಾಂದ್ರ ಕೌದಿ ನಾಲ್ಕ ಮಡಿಕಿ ಮಾಡಿ ಹಾಸ್ರಿ. ಸಬ್ ಮೂಲ್ಯಾಗ ಇಡಬ್ಯಾಡ್ರಿ, ಮೂಲಿ ಬೇಸ್‌ನ ಉಬ್ಬಸತೈತಿ.

ಗದಗಿನಿಂದ ಇನ್ನೊಬ್ಬರು:
ಸರ್ ನಡುವ ಬಾಯಿ ಹಾಕ್ತೀನಿ. ನಾನು ಹೋದ ವರ್ಷ ಲೋಕಲ್ 5.1 ತೊಗೊಂಡೆ, ಡಬ್ಬಿ ಮ್ಯಾಲೆ 10000 ವ್ಯಾಟ್ ಪಿಎಂಪಿಒ ಅಂತ ಬರದಿತ್ತು, ಸೆಟ್‌ಟಾಪ್ ಬಾಕ್ಸಿಂದ ಕೆಂಪು ಬಿಳಿ ವಾಯರ್ ಹಚ್ಚೀನಿ, ಸುಮ್ನ ಇದ್ರೂ ಹುಂssss ಅಂತೈತಿ. ಅಂಗಡಿಯವ ಪ್ಲಗ್‌ದು ದೊಡ್ಡ ಮೂರನೇ ಪಿನ್ ಮುರೀರಿ ಹೋಗತೈತಿ ಅಂದ. ಮುರೀಲೇನ್ರಿ?

ಉತ್ತರ:
ಮುರೀಬ್ಯಾಡ್ರಿ! ಅದು ಅರ್ಥಿಂಗ್, ಜೀವದ ಪಿನ್. ಹುಂ ಹೋಗಬಹುದು, ಒಂದಿನ ಶಾಕ್ ಹೊಡೀತಂದ್ರ ನೀವೂ ಹೋಗ್ತೀರಿ.

ಆ ಹುಂ ನಮ್ಮ ಕರೆಂಟಿನ 50 ಹರ್ಟ್ಜ್. ಹಿಂಗ ಮಾಡ್ರಿ, ಸೆಟ್‌ಟಾಪ್ ಬಾಕ್ಸಿಗೆ ಬಂದ ಕೇಬಲ್ ವಾಯರ್, ಆ ದುಂಡಗಿನ ತಿರುವೂ ಪಿನ್ ಇರತದಲ್ಲ, ಅದನ್ನ ಬಿಚ್ಚಿ ಕೇಳ್ರಿ. ಹುಂ ನಿಂತ್ರ ಗ್ರೌಂಡ್ ಲೂಪ್, ಕೇಬಲಿನ ಅರ್ಥಿಂಗ್ ಒಂದ ಕಡೆ, ನಿಮ್ಮನಿ ಅರ್ಥಿಂಗ್ ಇನ್ನೊಂದ ಕಡೆ, ನಡುವ ನಿಮ್ಮ ಆಂಪ್ಲಿಫೈಯರ್ ಸಿಕ್ಕೊಂಡೈತಿ. ಟಿವಿಯ ಆಪ್ಟಿಕಲ್ ಔಟ್‌ನಿಂದ ತೊಗೊಂಡು ಸಣ್ಣ ಕನ್ವರ್ಟರ್ ಮೂಲಕ ಕೆಂಪು ಬಿಳಿಗೆ ಹಾಕ್ರಿ, ಆಪ್ಟಿಕಲ್ ವಾಯರ್‌ನ್ಯಾಗ ಹೋಗೂದು ಬೆಳಕು, ತಾಮ್ರ ಇಲ್ಲ, ಲೂಪ್ ಅಲ್ಲೆ ಹರೀತೈತಿ. ಟಿವಿಯೊಳಗ ಡಿಜಿಟಲ್ ಔಟ್‌ನ ಪಿಸಿಎಂ ಅಂತ ಇಡಬೇಕು, ಇಲ್ಲಾಂದ್ರ ಸಪ್ಪಳಾನ ಬರೂದಿಲ್ಲ, ಆಮ್ಯಾಲ ನನಗ ಬೈತೀರಿ.

10000 ವ್ಯಾಟ್ ಅಂದ್ರಿ, ಆಂಪ್ಲಿಫೈಯರ್ ಹಿಂದ ಸಣ್ಣ ತಗಡಿನ ಚೀಟಿ ಇರತೈತಿ, 230 ವೋಲ್ಟ್, ಎಷ್ಟು ವ್ಯಾಟ್ ಅಂತ ಓದ್ರಿ. 60 ಅಂತ ಇದ್ರ ಗ್ವಾಡಿಯಿಂದ 60 ಜಗ್ಗೂ ಡಬ್ಬಿ 10000 ಎಲ್ಲಿಂದ ಕೊಡತೈತಿ? ಪಿಎಂಪಿಒ ಅನ್ನೂದು ಬರೇ ಜಾಹೀರಾತಿನ ಅಂಕಿ, ಆರ್‌ಎಂಎಸ್, ಅಂದ್ರ ಬಿಡದಂಗ ಕೊಡೂ ಖರೇ ವ್ಯಾಟ್, ಅಷ್ಟ ನೋಡ್ರಿ. ಅದೂ ವ್ಯಾಟ್ ಎರಡು ಪಟ್ಟು ಆದ್ರ ಸಪ್ಪಳ ಏರೂದು ಬರೇ 3 ಡೆಸಿಬೆಲ್, ಕಿವಿಗೆ ಒಂಚೂರು ಜಾಸ್ತಿ ಅನಸ್ತೈತಿ ಅಷ್ಟ.

ಹಾವೇರಿಯಿಂದ:
ನಮ್ಮ ಟಿವಿಗೆ ಬ್ಲೂಟೂತ್ ಸ್ಪೀಕರ್ ಹಚ್ಚೀವಿ, ತುಟಿ ಮೊದ್ಲ ಅಲ್ಲಾಡತಾವ ಮಾತು ಹಿಂದಿಂದ ಬರತೈತಿ, ಸ್ಪೀಕರ್ ಕೆಟ್ಟೈತೇನ್ರಿ?

ಉತ್ತರ:
ಕೆಟ್ಟಿಲ್ಲ, ಬ್ಲೂಟೂತ್ ಹಂಗ. ಸಪ್ಪಳ ಒತ್ತಿ ಕಳಿಸಿ ಮತ್ತ ಬಿಚ್ಚೂದರಾಗ ಸೆಕೆಂಡಿನ ಐದರಾಗ ಒಂದ ಪಾಲು ಹೋಗತೈತಿ. ನೆಹರು ಮೈದಾನದ ಆ ದಂಡಿಗೆ ಕೂತು ಕ್ರಿಕೆಟ್ ನೋಡಿದ್ರ ಬ್ಯಾಟ್ ಬೀಸಿದ ಮ್ಯಾಲೆ ಟಕ್ ಅಂತ ಕೇಳಸ್ತದಲ್ಲ, ಲೆಕ್ಕಾ ಹಾಕಿದ್ರ ಅದು ಸುಮಾರು 70 ಮೀಟರ್ ದೂರದ ಸಪ್ಪಳ. ಹಾಡಿಗೆ ನಡೀತೈತಿ, ಟಿವಿಗೆ ವಾಯರ್ ಹಚ್ರಿ.

ಹುಬ್ಬಳ್ಳಿ ಗೋಕುಲ ರಸ್ತೆಯಿಂದ:
ನಮ್ಮದು ಫ್ಲ್ಯಾಟ್, ಸಬ್ ಹಚ್ಚಿದ್ರ ಕೆಳಗಿನ ಮನಿಯವರು ಬಾಗಲಾ ಬಡೀತಾರ.

ಉತ್ತರ:
ಬಡೀಲಿ ಬಿಡ್ರಿ, ಅವರದ್ದ ಖರೆ. ಸಬ್ ಕೆಳಗ ದಪ್ಪ ರಬ್ಬರ್ ಇಟ್ರ ಸ್ಲ್ಯಾಬಿನ ನಡುಕ ಕಮ್ಮಿ ಆಗತೈತಿ, ಗಾಳಿಯಿಂದ ಹೋಗೂ ಬೇಸ್ ನಿಲ್ಲೂದಿಲ್ಲ. ಗ್ವಾಡಿಯಿಂದ ಸರಿಸ್ರಿ, ಲೆವೆಲ್ ಇಳಿಸ್ರಿ, ರಾತ್ರಿ ಹತ್ತಾದ ಮ್ಯಾಲೆ ಪ್ಲಗ್ಗ ತಗೀರಿ.

ಮಾಳಮಡ್ಡಿಯವರು, ಹನ್ನೆರಡು ದಿವಸದ ಮ್ಯಾಲೆ:
ಸರ್, ತೊಗೊಂಡ್ವಿ, 3.1. ಅಪ್ಪನ್ನ ಕರಕೊಂಡ ಹೋಗಿದ್ದೆ, ಅಂಗಡಿಯವ ನ್ಯೂಸ್ ಹಚ್ಚು ಅಂದಿದ್ದಕ್ಕ ಮಾರಿ ಕಿವಚಿದ. ಮೂರನೇ ಬಾರ್‌ಗೆ ಅಪ್ಪ ತಾವ ಸುದ್ದಿ ಓದಿ ಹೇಳ್ಲಿಕ್ಕೆ ಸುರು ಮಾಡಿದ್ರು, ಅದನ್ನ ತಂದ್ವಿ. ಮೊದಲ ದಿವಸ ಟಿವಿ ರಿಮೋಟಿನಿಂದ ವಾಲ್ಯೂಮ್ ಏರಲಿಲ್ಲ, ನೋಡಿದ್ರ ವಾಯರ್ ಬ್ಯಾರೆ ಎಚ್‌ಡಿಎಂಐಗೆ ಹಾಕಿದ್ದೆ, ಎಆರ್‌ಸಿ ಅಂತ ಬರದ ತೂತಿಗೆ ಹಾಕಿ ಸಿಇಸಿ (ಒಂದ ರಿಮೋಟಿನಿಂದ ಎರಡೂ ನಡಸೂ ಸೆಟ್ಟಿಂಗ್) ಆನ್ ಮಾಡಿದೆ, ಸರಿ ಆತು. ಸೆಂಟರ್ ಎರಡು ಪಾಯಿಂಟ್ ಮ್ಯಾಲೆ, ಸಬ್ ಮೂರು ಪಾಯಿಂಟ್ ಕೆಳಗ, ಮಗಾ ಸಿಟ್ಟಾಗ್ಯಾನ. ಅಪ್ಪ ಈಗ ಸಿರಿಯಲ್‌ದಾಗ ಪಿಸುಗುಟ್ಟಿದ್ದನ್ನ ಅವ್ವಗ ತಾವ ಹೇಳ್ತಾರ. ಒಂದ ಸಣ್ಣ ಪ್ರಶ್ನೆ, ಸಬ್ ಮ್ಯಾಲೆ ಅವ್ವ ಮನಿ ಪ್ಲಾಂಟಿನ ಕುಂಡಾ ಇಟ್ಟಾಳ, ನಡೀತದೇನ್ರಿ?

ಉತ್ತರ:
ಈಗಿಂದೀಗ ಇಳಸ್ರಿ. ನೀರು ಒಳಗ ಹೋದ್ರ ನನ್ನ ಅಂಗಡಿಗೇ ಬರತೈತಿ.

ಮಾಳಮಡ್ಡಿಯವರು:
ಇಳಿಸಿದೆ. ಈಗ ಪ್ಲಾಸ್ಟಿಕ್ ಹೂವಿಂದು ಇಟ್ಟಾಳ, ಬೇಸ್ ಬಂದಾಗೊಮ್ಮೆ ಗಟಗಟ ಅಂತದ.

ಉತ್ತರ:
ಕೆಳಗ ಒಂದ ಅರಿವಿ ಹಾಸ್ರಿ.