ಮೆಲ್ಬರ್ನ್‌ನಲ್ಲಿ ಹೋಟೆಲ್: ಅಡುಗೆಯವರಿಗೆ ವರ್ಷದ ಸಂಬಳ ಗೊತ್ತುಮಾಡುವ ಮುನ್ನ

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಮೆಲ್ಬರ್ನ್‌ನಲ್ಲಿ ಚಿಕ್ಕ ದೋಸೆ ಹೋಟೆಲ್ ಇಟ್ಟಿದ್ದೇನೆ. ಇಬ್ಬರು ಫುಲ್‌ಟೈಮ್ ಅಡುಗೆಯವರು. ಭಾನುವಾರದ ರೇಟು, ಓವರ್‌ಟೈಮ್ ಎಂದು ಪ್ರತಿ ವಾರ ಲೆಕ್ಕ ಹಾಕಿ ಸಾಕಾಗಿದೆ. ವರ್ಷಕ್ಕೆ ಇಷ್ಟು ಎಂದು ಒಂದೇ ಸಂಬಳ ಮಾಡಿದರೆ ಆಗುತ್ತದಾ? ಮಾಡಿದವರು ದಯವಿಟ್ಟು ಹೇಳಿ.

ಜೀಲಾಂಗ್‌ನಲ್ಲಿ ಹೋಟೆಲ್ ನಡೆಸುವವರು: ಆಗುತ್ತದೆ ಸರ್. ಆದರೆ ಲೆಕ್ಕದ ಕೆಲಸ ತಪ್ಪುತ್ತದೆ ಎನ್ನುವ ಆಸೆ ಬೇಡ. ನಮಗೆ ಅನ್ವಯಿಸುವುದು ರೆಸ್ಟೋರೆಂಟ್ ಅವಾರ್ಡ್, ಅಂದರೆ ನಮ್ಮ ಕಸುಬಿನ ಕನಿಷ್ಠ ಸಂಬಳ, ಓವರ್‌ಟೈಮ್ ಎಲ್ಲ ಗೊತ್ತುಮಾಡುವ ಕಟ್ಟಳೆ. ವರ್ಷದ ಸಂಬಳದ ಈಗಿನ ನಿಯಮ 2022ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಕನಿಷ್ಠ ವಾರದ ಸಂಬಳವನ್ನು 52ರಿಂದ ಗುಣಿಸಿ, ಅದರ ಮೇಲೆ ಕಡಿಮೆ ಎಂದರೂ ಶೇ. 25 ಜಾಸ್ತಿ ಕೊಡಬೇಕು. ಒಪ್ಪಂದ ಬರವಣಿಗೆಯಲ್ಲೇ ಇರಬೇಕು.

ನಾನು ಎಡವಿದ್ದು ಆ ವರ್ಷದ ಸಂಬಳದೊಳಗೆ ಬರುವ ಗಂಟೆಗಳ ಮಿತಿಯಲ್ಲಿ. ರೋಸ್ಟರಿನ (ಕೆಲಸದ ಪಾಳಿ ಪಟ್ಟಿಯ) ಸರಾಸರಿ ಹಿಡಿದರೆ ವಾರಕ್ಕೆ ಪೆನಾಲ್ಟಿ ರೇಟಿನ, ಅಂದರೆ ಭಾನುವಾರದಂಥ ಹೊತ್ತಿಗೆ ಸಿಗುವ ಜಾಸ್ತಿ ರೇಟಿನ, 18 ಗಂಟೆ, ಓವರ್‌ಟೈಮ್ 12 ಗಂಟೆ. ಅದರಾಚೆ ದುಡಿದದ್ದಕ್ಕೆ ಬೇರೆಯಾಗಿಯೇ ಹಣ ಕೊಡಬೇಕು. ದೀಪಾವಳಿಯ ಕೇಟರಿಂಗ್ ಸಮಯದಲ್ಲಿ ನಮ್ಮ ಅಡುಗೆಯವರು ದಿನಾ ತಡರಾತ್ರಿವರೆಗೆ ನಿಂತರು. ಸಂಬಳದಲ್ಲೇ ಎಲ್ಲ ಬಂತಲ್ವಾ ಎಂದು ನಾನು ಸುಮ್ಮನಿದ್ದೆ. ಅವರೂ ಒಂದು ಮಾತು ಕೇಳಲಿಲ್ಲ. 12 ತಿಂಗಳಿಗೊಮ್ಮೆ ಅವಾರ್ಡ್ ಲೆಕ್ಕದಲ್ಲಿ ಎಷ್ಟಾಗುತ್ತಿತ್ತು ಎಂದು ತಾಳೆ ನೋಡಲೇಬೇಕು. ಆಗ ಗೊತ್ತಾಯಿತು, ಬಾಕಿ ನನ್ನ ಕಡೆಯೇ ಇತ್ತು. ಅದನ್ನು 14 ದಿನದೊಳಗೆ ಕೊಡಬೇಕು, ಕೊಟ್ಟೆ. ಕೇಳದೆ ದುಡಿದ ಮನುಷ್ಯನ ಹಣ ವರ್ಷವಿಡೀ ನನ್ನ ಬಳಿ ಇತ್ತಲ್ಲಾ ಎಂದು ಇಂದಿಗೂ ನೋವಾಗುತ್ತದೆ.

ಈಗ ಅಡುಗೆಮನೆ ಬಾಗಿಲ ಹತ್ತಿರ ಒಂದು ಪುಸ್ತಕ ಇಟ್ಟಿದ್ದೇನೆ. ಬಂದ ಹೊತ್ತು, ಹೋದ ಹೊತ್ತು, ಊಟದ ಬಿಡುವು ಎಲ್ಲ ಬರೆಯುತ್ತೇವೆ. ಪ್ರತಿ ಸಂಬಳದ ಅವಧಿಗೆ ಅವರು ಸಹಿ ಹಾಕುತ್ತಾರೆ. ಇದೂ ನಿಯಮವೇ.

ಪೇರೋಲ್ (ಸಂಬಳದ ಲೆಕ್ಕ) ಕೆಲಸದಲ್ಲಿರುವವರು: ಮೇಲಿನವರು ಸರಿಯಾಗಿ ಹೇಳಿದ್ದಾರೆ. ಕೆಲವರು ಅವಾರ್ಡಿನ ಈ ದಾರಿ ಬಿಟ್ಟು, ಕರಾರಿನಲ್ಲಿ ‘ಎಲ್ಲಾ ಸೇರಿ ಇಷ್ಟು’ ಎಂದು ಒಂದು ಸಾಲು ಬರೆದುಕೊಳ್ಳುತ್ತಾರೆ. ಅದನ್ನು ನೆಚ್ಚಬೇಡಿ. 2025ರ ಸೆಪ್ಟೆಂಬರಿನಲ್ಲಿ ವೂಲ್‌ವರ್ತ್ಸ್, ಕೋಲ್ಸ್ ಎಂಬ ದೊಡ್ಡ ಸೂಪರ್‌ಮಾರ್ಕೆಟ್‌ಗಳ ಪ್ರಕರಣದಲ್ಲಿ ಫೆಡರಲ್ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಒಂದು ಸಂಬಳದ ಅವಧಿಯಲ್ಲಿ ಜಾಸ್ತಿ ಕೊಟ್ಟದ್ದನ್ನು ಇನ್ನೊಂದು ಅವಧಿಯ ಕೊರತೆಗೆ ಹೊಂದಿಸುವಂತಿಲ್ಲ. ದಾಖಲೆಗಳನ್ನು 7 ವರ್ಷ ಇಡಿ. ಬೇಕೆಂದೇ ಕಡಿಮೆ ಕೊಟ್ಟರೆ 2025ರ ಜನವರಿ 1ರಿಂದ ಅದು ಕ್ರಿಮಿನಲ್ ಅಪರಾಧ. ಗೊತ್ತಿಲ್ಲದೆ ಆದ ತಪ್ಪು ಅದರಲ್ಲಿ ಬರುವುದಿಲ್ಲ, ಆದರೆ ಬಾಕಿ ಮಾತ್ರ ಕೊಡಲೇಬೇಕು. ಅನುಮಾನ ಬಂದರೆ ಸಂಬಳದ ನಿಯಮ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಫೇರ್ ವರ್ಕ್ ಒಂಬುಡ್ಸ್‌ಮನ್ ಕಚೇರಿಯನ್ನೇ ಕೇಳಿ.

ಸಿಡ್ನಿಯಲ್ಲಿ ಅಡುಗೆ ಕೆಲಸ ಮಾಡುವವರು: ನಾನು ಸಂಬಳ ತಗೊಳ್ಳುವ ಕಡೆಯವನು. ವರ್ಷದ ಮೊತ್ತ ಹೇಳಿದಾಗ ಮನಸ್ಸಿನಲ್ಲೇ ರೂಪಾಯಿ ಲೆಕ್ಕ ಹಾಕಿ ಖುಷಿಪಟ್ಟಿದ್ದೆ. ಗಂಟೆಗೆ ಎಷ್ಟಾಯಿತು ಎಂದು ಭಾಗಿಸಿ ನೋಡಲಿಲ್ಲ. ಕೆಲಸ ಬಿಟ್ಟಾಗಲೂ ಆ ತಾಳೆ ಲೆಕ್ಕ ಮಾಡಬೇಕು ಎಂದು ಒಬ್ಬ ಗೆಳೆಯ ಹೇಳಿದ ಮೇಲೆ ಕೇಳಿದೆ, ಬಾಕಿ ಬಂತು. ಅಣ್ಣಾ, ಒಪ್ಪಂದದ ಒಂದು ಪ್ರತಿ ಅವರಿಬ್ಬರ ಕೈಗೂ ಕೊಡಿ. ಇಂಗ್ಲಿಷ್ ಕಷ್ಟವಾದರೆ ಅವರ ಭಾಷೆಯಲ್ಲೇ ಕೂತು ವಿವರಿಸಿ. ಸಹಿ ಆಮೇಲೆ ಹಾಕಿಸಿ.