ಕ್ರೂಸ್ ದೀಪ ಬರುತ್ತೆ, ಸ್ಪೀಡ್ ಸೆಟ್ ಆಗಲ್ಲ – ಮ್ಯಾನುಯಲ್ ಗೇರ್

ಬಯಲುಸೀಮೆ:
ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುಯಲ್ ಗೇರ್. ಕ್ರೂಸ್ (ಆಕ್ಸಿಲರೇಟರ್ ತುಳಿಯದೆ ಒಂದೇ ಸ್ಪೀಡ್ ಹಿಡಿದಿಡೋ ವ್ಯವಸ್ಥೆ) ಬಟನ್ ಒತ್ತಿದರೆ ಮೀಟರ್‌ನಲ್ಲಿ ದೀಪ ಬರುತ್ತೆ. ಐದನೇ ಗೇರ್‌ನಲ್ಲಿ 80ರಲ್ಲಿ ಹೋಗ್ತಾ ಸೆಟ್ ಒತ್ತಿದರೆ ಬಹಳ ಸಲ ಏನೂ ಆಗಲ್ಲ. ಅಪರೂಪಕ್ಕೆ ಸೆಟ್ ಆದರೂ ಫ್ಲೈಓವರ್ ಜಾಯಿಂಟ್ ದಾಟಿದ ಕೂಡಲೇ ಬಿಟ್ಟುಹೋಗುತ್ತೆ. ಚೆಕ್ ಇಂಜಿನ್ ದೀಪ ಇಲ್ಲ. ಫ್ಯೂಸ್, ಹಾರ್ನ್, ವಾಲ್ಯೂಮ್ ಬಟನ್ ಸರಿ ಇವೆ. ಬ್ರೇಕ್ ಲೈಟೂ ಸರಿಯಾಗಿ ಹತ್ತಿ ಆರುತ್ತೆ. ಗ್ಯಾರೇಜ್‌ನವರು ಸ್ಟೀರಿಂಗ್ ಸ್ವಿಚ್ ಪೂರ್ತಿ ಬದಲಿಸಿ ಅಂತಿದ್ದಾರೆ. ಬದಲಿಸಲಾ?

ಮಲ್ಟಿಮೀಟರ್:
ಈಗಲೇ ಬೇಡ ಸರ್. ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ (ಸ್ಟೀರಿಂಗ್ ಬಟನ್‌ಗಳಿಗೆ ಸಂಪರ್ಕ ಕೊಡೋ ಸುರುಳಿ ವೈರ್) ಹೋಗಿದ್ದರೆ ಸಾಮಾನ್ಯವಾಗಿ ಹಾರ್ನ್ ಕೈಕೊಡುತ್ತೆ ಇಲ್ಲವೇ ಏರ್‌ಬ್ಯಾಗ್ ದೀಪ ಹತ್ತುತ್ತೆ. ಸೆಟ್ ಬಟನ್ ಒಂದೇ ಸವೆದಿದ್ದರೆ ಒತ್ತುವಾಗ ತಕರಾರು ಮಾಡುತ್ತೆ, ಆದರೆ ಒಮ್ಮೆ ಸೆಟ್ ಆದಮೇಲೆ ಕುಲುಕಿಗೆ ಬಿಡಲ್ಲ. ಕುಲುಕಿಗೆ ಬಿಡೋದು ಪೆಡಲ್ ಸ್ವಿಚ್ (ಬ್ರೇಕ್ ಅಥವಾ ಕ್ಲಚ್ ತುಳಿದದ್ದನ್ನು ತಿಳಿಸೋ ಸ್ವಿಚ್) ಲಕ್ಷಣ.

ಬ್ರೇಕ್ ಲೈಟ್ ನೋಡಿ ಸಮಾಧಾನ ಆಗಬೇಡಿ. ಎಷ್ಟೋ ಕಾರುಗಳ ಬ್ರೇಕ್ ಸ್ವಿಚ್‌ನಲ್ಲಿ ಎರಡು ಕಾಂಟ್ಯಾಕ್ಟ್ ಇರುತ್ತವೆ. ಒಂದು ಪೆಡಲ್ ಒತ್ತಿದಾಗ ಕೂಡಿ ಲೈಟ್ ಹತ್ತಿಸುತ್ತೆ, ಇನ್ನೊಂದು ಪೆಡಲ್ ಬಿಟ್ಟಾಗ ಕೂಡಿರುತ್ತೆ, ಕ್ರೂಸ್ ನಂಬೋದು ಅದನ್ನೂ ಸೇರಿಸಿ. ಎರಡೂ ತಾಳೆ ಆಗದಿದ್ದರೆ ಇಸಿಯು (ಇಂಜಿನ್ ಕಂಪ್ಯೂಟರ್) ಕ್ರೂಸ್ ಕೊಡಲ್ಲ. ಓಬಿಡಿ ಸ್ಕ್ಯಾನರ್ (ಇಸಿಯುನಲ್ಲಿರೋ ದೋಷದ ಕೋಡ್ ಓದೋ ಸಾಧನ) ಹಾಕಿ. ಪಿ0504, ಪಿ0571 ಬ್ರೇಕ್ ಸ್ವಿಚ್‌ದು, ಪಿ0704 ಕ್ಲಚ್ ಸ್ವಿಚ್‌ದು. ದೀಪ ಹತ್ತದೆಯೂ ಕೋಡ್ ಪೆಂಡಿಂಗ್‌ನಲ್ಲಿ ಕೂತಿರಬಹುದು. ಕೋಡ್ ಇಲ್ಲದಿದ್ದರೆ ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ (ಆ ಕ್ಷಣದ ರೀಡಿಂಗ್) ಬ್ರೇಕ್, ಕ್ಲಚ್ ಎರಡನ್ನೂ ತೆರೆದಿಟ್ಟು, ಗಾಡಿ ನಿಂತಲ್ಲೇ, ಪೆಡಲ್‌ಗಳನ್ನು ಕೈಯಿಂದ ಅಲುಗಾಡಿಸಿ ನೋಡಿ.

ಬಯಲುಸೀಮೆ:
ಕೋಡ್ ಇಲ್ಲ. ಬ್ರೇಕ್ ಎರಡೂ ಸರಿ. ಕ್ಲಚ್ ಮಾತ್ರ ಕಾಲಿಡದೆಯೇ ‘ಒತ್ತಿದೆ’ ಅಂತ ತೋರಿಸ್ತಿದೆ, ಪೆಡಲ್ ಅಲುಗಾಡಿಸಿದರೆ ಬಂದುಹೋಗಿ ಮಾಡುತ್ತೆ.

ಸ್ಪ್ಯಾನರ್ ಸೆಟ್:
ಹಾಗಾದ್ರೆ ಮ್ಯಾಟ್ ಎತ್ತಿ ನೋಡಿ, ಪೆಡಲ್ ಕೆಳಗೆ ರಬ್ಬರ್ ಅಥವಾ ಪ್ಲಾಸ್ಟಿಕ್ ಚೂರು ಬಿದ್ದಿದೆಯಾ? ಪೆಡಲ್ ತೋಳಿನ ತೂತಿನಲ್ಲಿ ಕೂತು ಸ್ವಿಚ್ ಕಡ್ಡಿಯನ್ನು ಒತ್ತಿ ಹಿಡಿಯೋ ಸ್ಟಾಪರ್ ವರ್ಷಗಳಾದಂತೆ ಒಣಗಿ ಪುಡಿಯಾಗುತ್ತೆ. ಆಗ ಕಡ್ಡಿ ತೂತಿನೊಳಗೆ ತೂರಿಕೊಳ್ಳುತ್ತೆ, ಕ್ಲಚ್ ತುಳಿದಿದ್ದಾರೆ ಅಂತ ಇಸಿಯು ತಿಳ್ಕೊಳ್ಳುತ್ತೆ. ಬ್ರೇಕ್ ಪೆಡಲ್‌ನ ಸ್ಟಾಪರ್ ಉದುರಿದರೆ ಬ್ರೇಕ್ ಲೈಟ್ ಆರೋದೇ ಇಲ್ಲ, ಹಿಂದೆ ಬರೋ ಗಾಡಿಯವರೇ ಹೇಳ್ತಾರೆ. ಕ್ಲಚ್‌ದು ಹೊರಗೆ ಯಾರಿಗೂ ಕಾಣಲ್ಲ.

ಸ್ವಿಚ್ ಕೊಳ್ಳಬೇಡಿ, ಚಾಸಿ ನಂಬರ್ ಕೊಟ್ಟು ಸ್ಟಾಪರ್ ಒಂದನ್ನೇ ಕೇಳಿ. ಇಗ್ನಿಷನ್ ಆಫ್ ಮಾಡಿ, ಸೀಟ್ ಪೂರ್ತಿ ಹಿಂದೆ ತಳ್ಳಿ, ಟಾರ್ಚ್ ಹಿಡಿದು ಮಲಗಿದರೆ ಕಾಣುತ್ತೆ. ಕ್ಲಚ್ ಪೆಡಲ್‌ಗೆ ಎರಡು ಸ್ವಿಚ್ ಇದ್ದರೆ ಮೇಲ್ತುದಿಯದ್ದು ನಿಮಗೆ ಬೇಕಾದ್ದು, ಕೆಳತುದಿಯದ್ದು ಸ್ಟಾರ್ಟಿಂಗ್‌ಗೆ. ಹಳೇ ಚೂರು ಇಕ್ಕಳದಲ್ಲಿ ಕಿತ್ತು, ಹೊಸದಕ್ಕೆ ಸೋಪ್ ನೀರು ಸವರಿ ಅದರ ಅಂಚು ತೂತಿನ ಆಚೆ ಕೂರೋವರೆಗೆ ಒತ್ತಿ. ಲಾಕ್ ನಟ್ ಇರೋ ಸ್ವಿಚ್ಚನ್ನು ವಿಪರೀತ ಮುಂದೆ ತಂದು ಪೆಡಲ್ ತಳ್ಳಿ ಹಿಡಿಯೋ ಹಾಗೆ ಮಾಡಬೇಡಿ. ಫ್ರೀ ಪ್ಲೇ (ಕ್ಲಚ್ ಹಿಡಿಯೋ ಮುಂಚಿನ ಪೆಡಲ್ ಸಡಿಲ) ಸತ್ತರೆ ಕ್ಲಚ್ ಪ್ಲೇಟ್ ಜಾರಿ ಸವೆಯುತ್ತೆ.

ಕೆಲವರು ಕನೆಕ್ಟರ್‌ಗೆ ವೈರ್ ಸುತ್ತಿ ಶಾರ್ಟ್ ಮಾಡ್ತಾರೆ. ದಯವಿಟ್ಟು ಬೇಡ. ಹಾಗೆ ಮಾಡಿದ ಮೇಲೆ ಕ್ರೂಸ್ ಇರುವಾಗ ಕ್ಲಚ್ ತುಳಿದರೆ ಇಂಜಿನ್ ಕಿರುಚಿಕೊಂಡು ಆರ್‌ಪಿಎಂ ಏರುತ್ತೆ. ಬ್ರೇಕ್‌ದು ಶಾರ್ಟ್ ಮಾಡೋದಂತೂ ಮಾತೇ ಬೇಡ.

ಘಟ್ಟದ ತಿರುವು:
ನಡುವೆ ಒಂದು ಪ್ರಶ್ನೆ. ಶಿರಾಡಿ ಇಳಿಯುವಾಗ 50ಕ್ಕೆ ಸೆಟ್ ಮಾಡಿದರೂ 60 ದಾಟುತ್ತೆ. ಇದೂ ಸ್ವಿಚ್ ದೋಷವಾ?

ಮಲ್ಟಿಮೀಟರ್:
ದೋಷ ಅಲ್ಲ. ಸಾದಾ ಕ್ರೂಸ್ ಥ್ರಾಟಲ್ ಮಾತ್ರ ನೋಡಿಕೊಳ್ಳುತ್ತೆ, ಬ್ರೇಕ್ ಹಾಕಲ್ಲ. ಇಳಿಜಾರು ಎಳೆದರೆ ಅದರ ಕೈಲಿ ಏನೂ ಇಲ್ಲ. ಘಟ್ಟದಲ್ಲಿ ಕ್ರೂಸ್ ಆಫ್ ಮಾಡಿ ಕೆಳಗಿನ ಗೇರ್‌ನಲ್ಲಿ ಇಳೀರಿ. ಮಳೆ ನೀರು ನಿಂತ ರಸ್ತೆಯಲ್ಲೂ ಆಫ್.

ಬಯಲುಸೀಮೆ:
ಮ್ಯಾಟ್ ಕೆಳಗೆ ಕಪ್ಪು ಚೂರು ಸಿಕ್ಕಿತು! ಹೊಸ ಸ್ಟಾಪರ್ ಹಾಕಿದೆ, ಲೈವ್ ಡೇಟಾದಲ್ಲಿ ಕ್ಲಚ್ ಈಗ ಅಲ್ಲಾಡಿಸಿದರೂ ‘ಬಿಟ್ಟಿದೆ’ ಅಂತಲೇ ಇದೆ. ಜಾಯಿಂಟ್ ಮೇಲೂ ಬಿಡ್ತಿಲ್ಲ. ಧನ್ಯವಾದ ಇಬ್ಬರಿಗೂ.

ಸ್ಪ್ಯಾನರ್ ಸೆಟ್:
ಒಳ್ಳೇದಾಯ್ತು. ಖಾಲಿ ರಸ್ತೆಯಲ್ಲಿ ಸೆಟ್ ಮಾಡಿ, ಕ್ಲಚ್ ಒಮ್ಮೆ, ಬ್ರೇಕ್ ಒಮ್ಮೆ ಬೇರೆಬೇರೆಯಾಗಿ ಮೆಲ್ಲಗೆ ಮುಟ್ಟಿ, ಎರಡಕ್ಕೂ ತಕ್ಷಣ ಕ್ಯಾನ್ಸಲ್ ಆಗುತ್ತಾ ನೋಡಿಕೊಳ್ಳಿ. ಎಡಗಾಲನ್ನು ಕ್ಲಚ್ ಮೇಲೆ ಇಟ್ಟುಕೊಂಡು ಓಡಿಸಿದರೂ ಇದೇ ತೊಂದರೆ ಬರುತ್ತೆ, ಆಗ ಮತ್ತೆ ಸ್ಟಾಪರ್ ಬಯ್ಯಬೇಡಿ.