ಬ್ಯಾರಿಟೋನ್ ಯುಕಲೇಲಿ: ಸಿ ಹಿಡಿದರೆ ಜಿ ಕೇಳಿಸುತ್ತಿದೆ, ಯಾಕೆ?

ಪ್ರಶ್ನೆ (ಮೂಡಿಗೆರೆ ಕಡೆಯಿಂದ):
ನಮಸ್ತೆ ಸರ್. ಮೈದುನ ಬೆಂಗಳೂರಿಂದ ಬರುವಾಗ ಒಂದು ಯುಕಲೇಲಿ ತಂದುಕೊಟ್ಟ, ನಾಲ್ಕು ತಂತಿಯ ಪುಟ್ಟ ಗಿಟಾರಿನಂಥದ್ದು. ಮೊಬೈಲ್‌ನಲ್ಲಿ ಪಾಠ ನೋಡಿ ಒಂದನೇ ತಂತಿಯ 3ನೇ ಫ್ರೆಟ್ (ಕತ್ತಿನ ಮೇಲೆ ಕಂಬಿಗಳ ನಡುವಿನ ಮನೆ) ಒತ್ತಿದೆ, ಅದು ಸಿ ಕಾರ್ಡ್ ಅಂತ. ಮಗಳು ಕೀಬೋರ್ಡ್‌ನಲ್ಲಿ ಸಿ ನುಡಿಸಿದರೆ ಎರಡೂ ಕೂಡಲೇ ಇಲ್ಲ, ಅವಳು ಜಿ ಹಿಡಿದಾಗ ಕೂಡ್ತು. ಟ್ಯೂನರ್ ಆ್ಯಪ್ ನೋಡಿದರೆ ಜಿ, ಸಿ, ಇ, ಎ ಕೇಳುತ್ತೆ. ಅದು ಹೇಳಿದ ಹಾಗೆ ಬಿಗಿ ಮಾಡುತ್ತಾ ಹೋದೆ, ಸಣ್ಣ ತಂತಿ ಪಟ್ ಅಂತ ಹೋಯ್ತು. ಡಬ್ಬದ ಮೇಲೆ 'ಬ್ಯಾರಿಟೋನ್' ಅಂತಿದೆ. ವಾದ್ಯ ಸರಿ ಇಲ್ವಾ, ನನ್ನ ಕಿವಿ ಸರಿ ಇಲ್ವಾ? ನನಗೆ 52 ವರ್ಷ. ಚಿಕ್ಕವಳಿದ್ದಾಗ ವರ್ಣದವರೆಗೆ ಕರ್ನಾಟಕ ಸಂಗೀತ ಕಲಿತಿದ್ದೆ. ಯಜಮಾನರು ನಗ್ತಾ ಇದ್ದಾರೆ.

ಉತ್ತರ (ಹಾಸನದ ಗಿಟಾರ್ ಮೇಷ್ಟ್ರು):
ಕಿವಿ ಚೆನ್ನಾಗಿದೆ ಮೇಡಂ, ವಾದ್ಯವೂ ಚೆನ್ನಾಗಿದೆ. ಪಾಠ ಮಾತ್ರ ಬೇರೆ ವಾದ್ಯದ್ದು. ಸಾಮಾನ್ಯ ಯುಕಲೇಲಿಗೆ ಜಿ, ಸಿ, ಇ, ಎ. ಬ್ಯಾರಿಟೋನ್ ಅಂದರೆ ಅದರ ದೊಡ್ಡಣ್ಣ, ದನಿ ತಗ್ಗು. ಬ್ಯಾರಿಟೋನ್‌ಗೆ ದಪ್ಪ ತಂತಿಯಿಂದ ಡಿ, ಜಿ, ಬಿ, ಇ. ಅಂದರೆ ಗಿಟಾರಿನ ತೆಳುವಾದ ನಾಲ್ಕು ತಂತಿಗಳೇ. ಸಾಮಾನ್ಯ ಯುಕಲೇಲಿಯ ಸ ಇದ್ದ ಕಡೆ ಬ್ಯಾರಿಟೋನಿನದು ಮಂದ್ರ ಪ. ಹಾಗಾಗಿ ಯುಕಲೇಲಿ ಪಾಠದಲ್ಲಿ ಸಿ ಅಂತ ತೋರಿಸಿದ್ದು ನಿಮಗೆ ಜಿ ಆಗುತ್ತೆ, ಎಫ್ ಹೋಗಿ ಸಿ ಆಗುತ್ತೆ, ಜಿ ಹೋಗಿ ಡಿ. ಆ ವಿಡಿಯೋ ಬಿಟ್ಟುಬಿಡಿ. ಗಿಟಾರ್ ಕಾರ್ಡ್ ಚಿತ್ರ ತೆಗೆದುಕೊಂಡು ದಪ್ಪ ಎರಡು ತಂತಿ ಇಲ್ಲ ಅಂದುಕೊಳ್ಳಿ, ಸಾಕು.

ತಂತಿಗೆ: ನಮ್ಮ ಕಡೆ ಅಂಗಡಿಗಳಲ್ಲಿ ಬ್ಯಾರಿಟೋನ್ ಸೆಟ್ ಸಿಗದಿದ್ದರೆ ನೈಲಾನ್ ಗಿಟಾರ್ ಸೆಟ್ಟಿನ ಒಂದನೇ ತಂತಿ ಹಾಕಿ, ಅದೂ ಇ. ಸ್ಟೀಲ್ ತಂತಿ ಯಾರು ಕೊಟ್ಟರೂ ಬೇಡ. ಆ ಎಳೆತಕ್ಕೆ ಬ್ರಿಡ್ಜ್ (ತಂತಿ ಕಟ್ಟಿರುವ ಮರದ ಪಟ್ಟಿ) ಕಿತ್ತು ಕೈಗೆ ಬರುತ್ತೆ.

ಈಗ ನೀವು ಸಂಗೀತ ಕಲಿತಿದ್ದು ಕೆಲಸಕ್ಕೆ ಬರುವ ಜಾಗ. ಜಿಯನ್ನೇ ಸ ಅಂದುಕೊಳ್ಳಿ, ಹಾರ್ಮೋನಿಯಂನ ಬಿಳಿ ಐದು. ಏನೂ ಒತ್ತದೆ ನಾಲ್ಕು ತಂತಿ ಮೀಟಿದರೆ ಮಂದ್ರ ಪ, ಸ, ಅಂತರ ಗಾಂಧಾರ, ಚತುಶ್ರುತಿ ಧೈವತ. ಒಂದನೇ ತಂತಿಯ 3ನೇ ಫ್ರೆಟ್ ಒತ್ತಿದ ಕೂಡಲೇ ಆ ಧ ಹೋಗಿ ತಾರ ಸ ಬರುತ್ತೆ: ಪ ಸ ಗ ಸ. ಅದೇ ಜಿ ಕಾರ್ಡ್. ಕಾರ್ಡ್ ಅಂದರೆ ಒಂದೇ ಸಲ ಹಾಡಿದ ಮೂರೋ ನಾಲ್ಕೋ ಸ್ವರ ಅಷ್ಟೇ, ಹೆದರಬೇಡಿ.

ಎಲ್ಲರೂ ಜಿ, ಸಿ, ಡಿ ಅಂತ ಶುರು ಮಾಡಿಸ್ತಾರೆ. ಬೆರಳು ಮೂರೂ ಕಡೆ ಹಾರಬೇಕು, ವಾರಕ್ಕೇ ಬೇಜಾರು. ನಾನು ಹೇಳಿಕೊಡೋದು ಬೆರಳು ಕೀಳದ ಸರಪಳಿ. ತೆಳು ತಂತಿ ಒಂದನೇದು, ದಪ್ಪದ್ದು ನಾಲ್ಕನೇದು.

ಮೊದಲು ಇ ಮೈನರ್: ಮಧ್ಯದ ಬೆರಳು ನಾಲ್ಕನೇ ತಂತಿಯ 2ನೇ ಫ್ರೆಟ್ಟಿನಲ್ಲಿ, ಅಷ್ಟೇ. ಅದನ್ನು ಎತ್ತಲೇಬೇಡಿ, ತೋರು ಬೆರಳನ್ನು ಎರಡನೇ ತಂತಿಯ 1ನೇ ಫ್ರೆಟ್ಟಿಗೆ ಇಡಿ, ಸಿ ಬಂತು. ಎರಡೂ ಅಲ್ಲೇ ಇರಲಿ, ಉಂಗುರದ ಬೆರಳು ಮೂರನೇ ತಂತಿಯ 2ನೇ ಫ್ರೆಟ್ಟಿಗೆ, ಎ ಮೈನರ್. ಇನ್ನು ಡಿ ಸೆವೆನ್: ತೋರು ಬೆರಳು ಕದಲಬಾರದು, ಮಧ್ಯದ್ದು ಮೂರನೇ ತಂತಿಯ 2ಕ್ಕೆ, ಉಂಗುರದ್ದು ಒಂದನೇ ತಂತಿಯ 2ಕ್ಕೆ. ಕೊನೆಗೆ ಉಂಗುರದ ಬೆರಳನ್ನು ಹಾಗೇ ಒಂದು ಫ್ರೆಟ್ ಮುಂದೆ ಜಾರಿಸಿ ಉಳಿದೆರಡು ಎತ್ತಿದರೆ ಮನೆಗೆ ಬಂದಿರಿ, ಜಿ. ಆದಿತಾಳದ ಒಂದು ಆವರ್ತಕ್ಕೆ ಎರಡು ಕಾರ್ಡ್, ನಾಲ್ಕು ಅಕ್ಷರಕ್ಕೆ ಒಂದರ ಹಾಗೆ. ತಾಳ ಕಾಲಲ್ಲಿ ಹಾಕಿ, ಕೈ ಖಾಲಿ ಇರಲ್ಲ.

ಪ್ರಶ್ನೆ (ಅರಸೀಕೆರೆಯಿಂದ):
ಅಣ್ಣ, 5ನೇ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್) ಹಾಕಿದರೆ ಯುಕಲೇಲಿ ಪಾಠವನ್ನೇ ನೋಡಬಹುದು ಅಂತಾರೆ?

ಉತ್ತರ:
ನಿಜ, ಜಿ, ಸಿ, ಇ, ಎ ಬರುತ್ತೆ. ನಾಲ್ಕನೇ ತಂತಿ ಮಾತ್ರ ಕೆಳಗಿನ ಜಿ ಆಗಿರುತ್ತೆ, ಸಾಮಾನ್ಯ ಯುಕಲೇಲಿಯಲ್ಲಿ ಅದು ಮೇಲಿನದು. ಆದರೆ ಬ್ಯಾರಿಟೋನಿನ ಆ ತುಂಬು ದನಿ ಕತ್ತರಿಸಿ ಹಾಕಿದ ಹಾಗೆ. ನನಗೆ ಮನಸ್ಸು ಬರಲ್ಲ.

ಪ್ರಶ್ನೆ (ಮತ್ತೆ ಮೂಡಿಗೆರೆಯಿಂದ, ಹತ್ತು ದಿನದ ಮೇಲೆ):
ಸರ್, ಸರಪಳಿ ಬಂತು! ಆದರೆ ಎ ಮೈನರ್‌ನಿಂದ ಡಿ ಸೆವೆನ್‌ಗೆ ಹೋಗುವಾಗ ತಾಳ ತಪ್ಪುತ್ತೆ. ಸಿ ಹಿಡಿದಾಗ ಒಂದನೇ ತಂತಿ ಸತ್ತ ಹಾಗೆ 'ಟಕ್' ಅನ್ನುತ್ತೆ. ಇನ್ನೊಂದು, ಮಳೆ ಹಿಡಿದಿದೆ, ಮನೆಯಲ್ಲಿ ಚಪ್ಪಲಿಗೂ ಬೂಷ್ಟು. ಇದನ್ನು ಒಲೆ ಮೇಲಿನ ಅಟ್ಟದಲ್ಲಿ ಇಡಲಾ?

ಉತ್ತರ:
ಅಯ್ಯೋ, ಅಟ್ಟ ಬೇಡ ಮೇಡಂ! ಅದು ಮೆಣಸು, ಏಲಕ್ಕಿಗೆ. ಶಾಖಕ್ಕೆ ಅಂಟು ಬಿಡುತ್ತೆ, ಮರ ಸೀಳುತ್ತೆ. ಜಿಪ್ ಇರುವ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮಲಗುವ ಕೋಣೆಯಲ್ಲಿಡಿ. ಪೊಟ್ಟಣ ತೇವ ಕುಡಿದ ಮೇಲೆ ಬದಲಾಯಿಸಬೇಕು. ಅರಸೀಕೆರೆಯವರಿಗೆ ಈ ಕಾಟ ಇಲ್ಲ, ಪುಣ್ಯವಂತರು.

'ಟಕ್' ಅನ್ನೋದು ತೋರು ಬೆರಳು ಅಡ್ಡ ಮಲಗಿ ಪಕ್ಕದ ತಂತಿ ಮುಟ್ಟುತ್ತಿರೋದರಿಂದ. ಬೆರಳ ತುದಿಯಲ್ಲಿ ನೆಟ್ಟಗೆ ಒತ್ತಿ, ಫ್ರೆಟ್ ಕಂಬಿಗೆ ಹತ್ತಿರ ಇರಲಿ, ಉಗುರು ಕತ್ತರಿಸಿ. ಡಿ ಸೆವೆನ್‌ಗೆ ಎರಡು ಬೆರಳು ಒಂದಾದಮೇಲೊಂದು ಹೋಗುತ್ತಿರಬೇಕು, ಅದಕ್ಕೇ ತಡ. ಮೀಟದೆ, ಎಡಗೈ ಮಾತ್ರ ಎ ಮೈನರ್, ಡಿ ಸೆವೆನ್, ಎ ಮೈನರ್, ಡಿ ಸೆವೆನ್ ಅಂತ ಮಾಡಿ, ಎರಡೂ ಒಟ್ಟಿಗೆ ಎದ್ದು ಒಟ್ಟಿಗೆ ಇಳಿಯೋ ತನಕ. ಟಿವಿ ನೋಡ್ತಾ ಮಾಡಿದರೂ ನಡೆಯುತ್ತೆ. ಆಮೇಲೆ ಒಂದು ರೆಕಾರ್ಡ್ ಮಾಡಿ ಇಲ್ಲೇ ಹಾಕಿ, ಕೇಳ್ತೀನಿ.